ಗರ್ಭಚೀಲ ತೆಗೆಸುವ ಮೊದಲು: ಓದುಗರ ಪ್ರಶ್ನೆ, ಶಸ್ತ್ರವೈದ್ಯೆಯ ಉತ್ತರ

ಹೆಣ್ಣುಮಕ್ಕಳ ಗರ್ಭಕೋಶ (ಗರ್ಭಚೀಲ), ಗರ್ಭಕೊರಳು (ಗರ್ಭಚೀಲದ ಬಾಯಿ) ಮತ್ತು ಅಂಡಾಶಯದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡುವುದು ಹುಬ್ಬಳ್ಳಿಯಲ್ಲಿ ನನ್ನ ದಿನನಿತ್ಯದ ಕೆಲಸವೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಆ ಒಂದು ವಾಕ್ಯವನ್ನು ಹಿಡಿದು ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳಿಂದ ಬಹಳಷ್ಟು ಪತ್ರಗಳು ಬಂದಿವೆ. ಹೆಚ್ಚಿನವುಗಳಲ್ಲಿ ಹೆಸರಿಲ್ಲ. ಕೆಲವನ್ನು ಮಗಳು, ಕೆಲವನ್ನು ಗಂಡ ಬರೆದಿದ್ದಾರೆ. ಪ್ರಶ್ನೆಗಳನ್ನು ಸಂಕ್ಷೇಪಿಸಿ, ಬರೆದವರ ಗುರುತು ಸಿಗದಂತೆ ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ನನಗೆ 36 ವರ್ಷ, ಮೂವರು ಮಕ್ಕಳಿದ್ದಾರೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತೇನೆ. ಒಂದು ವರ್ಷದಿಂದ ಬಿಳಿ ಹೋಗುತ್ತಿದೆ, ಸೊಂಟ ನೋಯುತ್ತದೆ. ಒಬ್ಬ ವೈದ್ಯರು ನೋಡಿ, ಗರ್ಭಚೀಲದ ಬಾಯಿಗೆ ಹುಣ್ಣಾಗಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ಮುಂದಿನ ವಾರವೇ ಚೀಲ ತೆಗೆಸಿಬಿಡಿ ಎಂದಿದ್ದಾರೆ. ಬೇರೆ ಯಾವ ಪರೀಕ್ಷೆಯನ್ನೂ ಮಾಡಿಲ್ಲ. ಏನು ಮಾಡಲಿ? (ಬ್ಯಾಡಗಿ ತಾಲ್ಲೂಕು)

ಉತ್ತರ: ತಂಗಿ, ಮುಂದಿನ ವಾರದ ಆ ಶಸ್ತ್ರಚಿಕಿತ್ಸೆಯನ್ನು ನಿಲ್ಲಿಸಿ. ತೆಗೆಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಏನಿದೆ ಎಂಬುದು ಗೊತ್ತಾಗುವ ಮೊದಲು ತೆಗೆಸಬಾರದು ಎಂದು ಹೇಳುತ್ತಿದ್ದೇನೆ.

ಬರಿಗಣ್ಣಿಗೆ ಹುಣ್ಣಿನಂತೆ ಕೆಂಪಗೆ ಕಾಣುವುದೆಲ್ಲ ಹುಣ್ಣಲ್ಲ. ಮಕ್ಕಳನ್ನು ಹೆತ್ತ ಹೆಂಗಸರಲ್ಲಿ ಗರ್ಭಕೊರಳಿನ ಒಳಪದರ ಸ್ವಲ್ಪ ಹೊರಮಗ್ಗುಲಿಗೆ ತಿರುಗಿ ಕೆಂಪಗೆ ಕಾಣುವುದು ಸಾಮಾನ್ಯ, ಮತ್ತು ಅದು ರೋಗವಲ್ಲ. ಬಿಳಿ ಹೋಗುವುದಕ್ಕೆ ಸೋಂಕು ಕಾರಣವಾಗಿದ್ದರೆ ಅದು ಮಾತ್ರೆಯಿಂದ ಗುಣವಾಗುತ್ತದೆ. ಸೊಂಟನೋವಿಗಂತೂ, ದಿನವಿಡೀ ನೆಲದ ಮೇಲೆ ಕುಳಿತು ದುಡಿಯುವವರಲ್ಲಿ, ಗರ್ಭಚೀಲಕ್ಕೆ ಸಂಬಂಧವೇ ಇಲ್ಲದ ಹತ್ತು ಕಾರಣಗಳಿರುತ್ತವೆ.

ಮೊದಲು ಆಗಬೇಕಾದ ಪರೀಕ್ಷೆ ಬಹಳ ಸರಳವಾದದ್ದು. ಗರ್ಭಕೊರಳಿಗೆ ತೆಳುವಾದ ಅಸಿಟಿಕ್ ಆಮ್ಲವನ್ನು ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಿದ್ದ ಜಾಗ ಬೆಳ್ಳಗಾಗುತ್ತದೆ. ದೇಶದ 30ರಿಂದ 65 ವರ್ಷದ ಎಲ್ಲ ಮಹಿಳೆಯರಿಗೂ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯೇ ಹೇಳುತ್ತದೆ. ಇದಕ್ಕಿಂತ ನಂಬಿಕೆಗೆ ಅರ್ಹವಾದದ್ದು ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವಿನ ಪರೀಕ್ಷೆ. ನಮ್ಮ ನೆರೆಯ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 30ರಿಂದ 59 ವರ್ಷದ 1.3 ಲಕ್ಷ ಮಹಿಳೆಯರನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಜೀವನದಲ್ಲಿ ಒಂದೇ ಒಂದು ಬಾರಿ ಈ ವೈರಾಣು ಪರೀಕ್ಷೆ ಮಾಡಿ, ತೊಂದರೆ ಕಂಡವರಿಗೆ ಚಿಕಿತ್ಸೆ ಕೊಟ್ಟ ಊರುಗಳಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಅವರು ನಮ್ಮಂಥದೇ ಕಪ್ಪುಮಣ್ಣಿನ ಹೊಲಗಳಲ್ಲಿ ದುಡಿಯುವ ಹೆಂಗಸರು. ಆದ್ದರಿಂದಲೇ ಈ ಅಧ್ಯಯನವನ್ನು ನಾನು ಎಲ್ಲ ಕಡೆ ಹೇಳುತ್ತಿರುತ್ತೇನೆ.

ಪರೀಕ್ಷೆಯಲ್ಲಿ ಸಂಶಯ ಬಂದರೆ ಆ ಜಾಗದಿಂದ ಅಕ್ಕಿಕಾಳಿನಷ್ಟು ತುಣುಕನ್ನು ತೆಗೆದು ಬಯಾಪ್ಸಿಗೆ ಕಳಿಸಬೇಕು. ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಮಾತ್ರ ಇದ್ದರೆ ಆ ಜಾಗವನ್ನಷ್ಟೇ ಸುಟ್ಟು ಅಥವಾ ಬಿಸಿ ತಂತಿಯ ಕುಣಿಕೆಯಿಂದ ಕೆತ್ತಿ ತೆಗೆಯುತ್ತೇವೆ. ಅದೇ ದಿನ ಮನೆಗೆ ಹೋಗಬಹುದು, ಗರ್ಭಚೀಲ ಉಳಿಯುತ್ತದೆ. ಈ ಬದಲಾವಣೆ ಕ್ಯಾನ್ಸರಾಗಿ ತಿರುಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಹೀಗಿರುವಾಗ ಒಂದು ವಾರದ ಗಡುವು ಯಾಕೆ ಎಂದು ನೀವು ಕೇಳಬೇಕು.

ಇನ್ನು, ಅಲ್ಲಿ ನಿಜವಾಗಿಯೂ ಕ್ಯಾನ್ಸರ್ ಇದ್ದರೆ ಪರೀಕ್ಷೆಯಿಲ್ಲದ ಶಸ್ತ್ರಚಿಕಿತ್ಸೆ ಇನ್ನೂ ದೊಡ್ಡ ಹಾನಿ ಮಾಡುತ್ತದೆ. ಸಾಮಾನ್ಯವಾಗಿ ಚೀಲ ತೆಗೆಯುವಾಗ ಗರ್ಭಕೊರಳಿಗೆ ಅಂಟಿದಂತೆಯೇ ಕತ್ತರಿಸುತ್ತಾರೆ. ಕ್ಯಾನ್ಸರಿಗೆ ಮಾಡುವ ವಿಸ್ತೃತ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೊರಳಿನ ಎರಡೂ ಪಕ್ಕದ ಅಂಗಾಂಶ, ಯೋನಿಯ ಮೇಲ್ಭಾಗ ಮತ್ತು ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳನ್ನೂ (ಲಿಂಫ್ ಗ್ರಂಥಿಗಳು) ಜೊತೆಗೆ ತೆಗೆಯಬೇಕು. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಗರ್ಭಕೊರಳಿನಿಂದ ಎರಡು ಸೆಂಟಿಮೀಟರಿನಷ್ಟು ದೂರದಲ್ಲಿ, ಗರ್ಭಚೀಲದ ರಕ್ತನಾಳದ ಅಡಿಯಿಂದ ಹಾದುಹೋಗುತ್ತದೆ. ಆ ನಾಳವನ್ನು ಅದರ ದಾರಿಯುದ್ದಕ್ಕೂ ಬಿಡಿಸಿ ಪಕ್ಕಕ್ಕೆ ಸರಿಸಿದ ಹೊರತು ಪಕ್ಕದ ಅಂಗಾಂಶ ಕೈಗೆ ಸಿಗುವುದಿಲ್ಲ. ವಿಯೆನ್ನಾದ ಅರ್ನ್‌ಸ್ಟ್ ವೆರ್ಟ್‌ಹೈಮ್ 1898ರಲ್ಲಿ ಮೊದಲು ಮಾಡಿದ ಈ ಶಸ್ತ್ರಚಿಕಿತ್ಸೆಯನ್ನು ಕಲಿಯಲು ಸ್ತ್ರೀರೋಗ ತಜ್ಞರಾದ ಮೇಲೂ ಮತ್ತೆ ಕೆಲವು ವರ್ಷ ವಿಶೇಷ ತರಬೇತಿ ಬೇಕಾಗುತ್ತದೆ.

ಕ್ಯಾನ್ಸರ್ ಇರುವುದು ಗೊತ್ತಿಲ್ಲದೆ ಸಾಮಾನ್ಯ ರೀತಿಯಲ್ಲಿ ಚೀಲ ತೆಗೆದು, ಹದಿನೈದು ದಿನಕ್ಕೆ ವರದಿ ಬಂದಾಗ ಕಂಗಾಲಾಗಿ ನಮ್ಮಲ್ಲಿಗೆ ಬರುವವರನ್ನು ನಾನು ಆಗಾಗ ನೋಡುತ್ತೇನೆ. ಪಕ್ಕದ ಅಂಗಾಂಶದಲ್ಲಿ ರೋಗ ಉಳಿದಿರಬಹುದು. ಗಾಯದ ಕಲೆಗಟ್ಟಿದ ಜಾಗದಲ್ಲಿ ಮತ್ತೆ ಕೈಹಾಕುವುದು ಕಠಿಣ. ಗರ್ಭಚೀಲ ಹೋದ ಜಾಗಕ್ಕೆ ಕರುಳು ಇಳಿದು ಕುಳಿತಿರುವುದರಿಂದ ವಿಕಿರಣ ಕೊಡುವುದೂ ತೊಡಕಾಗುತ್ತದೆ. ಒಂದು ಅಕ್ಕಿಕಾಳಿನಷ್ಟು ತುಣುಕಿನ ಪರೀಕ್ಷೆ ಮೊದಲೇ ಆಗಿದ್ದರೆ ಇದಾವುದೂ ಬರುತ್ತಿರಲಿಲ್ಲ ಎಂಬ ಸಂಕಟ ನನಗೆ ಇಷ್ಟು ವರ್ಷಗಳಾದರೂ ಹಗುರಾಗಿಲ್ಲ. ಕ್ಯಾನ್ಸರ್ ಇಲ್ಲದವರದ್ದು ಇನ್ನೊಂದು ನಷ್ಟ: ಮೂವತ್ತು ಮೂವತ್ತೈದಕ್ಕೇ ಚೀಲದ ಜೊತೆಗೆ ಅಂಡಾಶಯವನ್ನೂ ತೆಗೆದುಬಿಟ್ಟರೆ ಮೂಳೆ ಸವೆಯುತ್ತದೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ.

ನಾಳೆಯೇ ತಾಲ್ಲೂಕು ಆಸ್ಪತ್ರೆಗೆ ಇಲ್ಲವೇ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ, ಗರ್ಭಕೊರಳಿನ ತಪಾಸಣೆ ಮಾಡಿ ಎಂದು ಕೇಳಿ. ಅದರ ಕಾಗದ ಕೈಯಲ್ಲಿಲ್ಲದೆ ಯಾವ ಒಪ್ಪಿಗೆಪತ್ರಕ್ಕೂ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ.

ಪ್ರಶ್ನೆ: ನಮ್ಮ ಅವ್ವನಿಗೆ 61 ವರ್ಷ. ಮುಟ್ಟು ನಿಂತು ಹತ್ತು ವರ್ಷವಾಗಿದೆ. ಹೋದ ತಿಂಗಳು ಎರಡು ಸಲ ಸೀರೆಗೆ ರಕ್ತದ ಕಲೆಯಾಗಿತ್ತಂತೆ. ಉಷ್ಣವಾಗಿರಬೇಕು ಎಂದು ಎಳನೀರು ಕುಡಿದು ಸುಮ್ಮನಾಗಿದ್ದಾರೆ. ಸಕ್ಕರೆ ಕಾಯಿಲೆ ಇದೆ, ಮೈಯೂ ಭಾರ. (ರೋಣ ತಾಲ್ಲೂಕು)

ಉತ್ತರ: ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಬರುವ ರಕ್ತ ಒಂದು ಹನಿಯಾದರೂ ಪರೀಕ್ಷೆ ಆಗಲೇಬೇಕು. ಹೀಗೆ ರಕ್ತ ಕಂಡ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಗರ್ಭಚೀಲದ ಒಳಪದರದ ಕ್ಯಾನ್ಸರ್ ಇರುತ್ತದೆ. ಉಳಿದವರಿಗೆ ಒಳಪದರ ತೆಳುವಾಗಿರುವುದು ಅಥವಾ ಸಣ್ಣ ಗಂಟು ಕಾರಣವಾಗಿರುತ್ತದೆ. ಆದರೆ ನಿಮ್ಮ ಅವ್ವನವರಿಗೆ ಸಕ್ಕರೆ ಕಾಯಿಲೆ ಮತ್ತು ಮೈಭಾರ ಎರಡೂ ಇರುವುದರಿಂದ ಆ ಹತ್ತರಲ್ಲಿ ಒಬ್ಬರಾಗುವ ಸಂಭವ ಹೆಚ್ಚು. ಮೈಯಲ್ಲಿನ ಕೊಬ್ಬು ಮುಟ್ಟು ನಿಂತ ಮೇಲೂ ಈಸ್ಟ್ರೋಜನ್ ಹಾರ್ಮೋನನ್ನು ತಯಾರಿಸುತ್ತಲೇ ಇರುತ್ತದೆ, ಆ ಹಾರ್ಮೋನು ಒಳಪದರವನ್ನು ಬೆಳೆಸುತ್ತಲೇ ಇರುತ್ತದೆ.

ಕೆಳಗಿನಿಂದ ಸ್ಕ್ಯಾನ್ ಮಾಡಿ ಒಳಪದರದ ದಪ್ಪ ನೋಡುತ್ತಾರೆ. ನಾಲ್ಕು ಮಿಲಿಮೀಟರಿಗಿಂತ ದಪ್ಪವಿದ್ದರೆ ತೆಳುವಾದ ಕೊಳವೆಯಿಂದ ತುಣುಕು ತೆಗೆಯುತ್ತಾರೆ. ಇದಕ್ಕೆ ಮತ್ತು ಬರಿಸುವ ಅಗತ್ಯವೂ ಸಾಮಾನ್ಯವಾಗಿ ಬರುವುದಿಲ್ಲ. ಈ ಕ್ಯಾನ್ಸರ್ ಹೀಗೆ ರಕ್ತದ ಕಲೆಯಿಂದಲೇ ತನ್ನನ್ನು ಬೇಗ ತೋರಿಸಿಕೊಳ್ಳುವುದರಿಂದ, ಬೇಗ ಬಂದವರಲ್ಲಿ ಬಹುಪಾಲು ಜನ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುತ್ತಾರೆ. ಅವ್ವನವರು ನಿಮಗೆ ಈ ಮಾತನ್ನು ಹೇಳಿದ್ದಾರೆ ಎಂದರೆ ಮನಸ್ಸಿನಲ್ಲಿ ಹೆದರಿಕೆ ಇದೆ ಎಂದರ್ಥ. ಈ ವಾರವೇ ಗದಗಕ್ಕೆ ಕರೆದುಕೊಂಡು ಹೋಗಿ.

ಪ್ರಶ್ನೆ: ನನ್ನ ತಾಯಿಗೆ ಗರ್ಭಕೊರಳಿನ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಬಂದಿದೆ. ಎರಡನೇ ಹಂತದ ಬಿ ಎಂದು ಬರೆದಿದ್ದಾರೆ. ಆಪರೇಶನ್ ಬೇಡ, ಕರೆಂಟ್ (ವಿಕಿರಣ) ಮತ್ತು ಕಿಮೋ ಕೊಡುತ್ತೇವೆ ಎನ್ನುತ್ತಾರೆ. ನಮ್ಮ ಮಾವ, ಆಪರೇಶನ್ ಮಾಡುವುದಿಲ್ಲ ಎಂದರೆ ಕೈಬಿಟ್ಟಿದ್ದಾರೆ ಎಂದೇ ಅರ್ಥ, ಬೇರೆ ಕಡೆ ಹೋಗಿ ಮಾಡಿಸೋಣ ಎನ್ನುತ್ತಿದ್ದಾರೆ. (ಅಣ್ಣಿಗೇರಿ)

ಉತ್ತರ: ನಿಮ್ಮ ತಾಯಿಯವರನ್ನು ಯಾರೂ ಕೈಬಿಟ್ಟಿಲ್ಲ. ಅವರಿಗೆ ಹೇಳಿರುವುದು ಗುಣಪಡಿಸುವ ಉದ್ದೇಶದ ಚಿಕಿತ್ಸೆ, ಮತ್ತು ಆ ಹಂತಕ್ಕೆ ಅದೇ ಸರಿಯಾದದ್ದು.

ಎರಡನೇ ಹಂತದ ಬಿ ಎಂದರೆ ರೋಗ ಗರ್ಭಕೊರಳನ್ನು ದಾಟಿ ಪಕ್ಕದ ಅಂಗಾಂಶಕ್ಕೆ ಕಾಲಿಟ್ಟಿದೆ, ಆದರೆ ಕಿಬ್ಬೊಟ್ಟೆಯ ಗೋಡೆಯನ್ನು ಮುಟ್ಟಿಲ್ಲ ಎಂದು. ಇದನ್ನು ಎಂಆರ್‌ಐ ತೋರಿಸುತ್ತದೆ. ಆದರೆ ಇಂದಿಗೂ ಶಸ್ತ್ರವೈದ್ಯರು ತಮ್ಮ ಬೆರಳಿನಿಂದ, ಯೋನಿಯ ಮೂಲಕ ಮತ್ತು ಗುದದ್ವಾರದ ಮೂಲಕ, ಆ ಅಂಗಾಂಶ ಮೆತ್ತಗಿದೆಯೋ ಗಟ್ಟಿಯಾಗಿದೆಯೋ ಎಂದು ಮುಟ್ಟಿ ನೋಡುತ್ತಾರೆ. ಈ ಪರೀಕ್ಷೆ ರೋಗಿಗೆ ಮುಜುಗರದ್ದು ಎಂಬುದು ನನಗೆ ಗೊತ್ತು. ಆದರೂ ನನ್ನ ಕೆಲಸದಲ್ಲಿ ಇಷ್ಟು ತೂಕದ ನಿರ್ಧಾರ ಬೇರೊಂದಿಲ್ಲ, ಯಾಕೆಂದರೆ ಇಲ್ಲಿಯೇ ಕತ್ತರಿ ಹಿಡಿಯಬೇಕೋ ಬಾರದೋ ಎಂಬುದು ತೀರ್ಮಾನವಾಗುತ್ತದೆ. ಪಕ್ಕದ ಅಂಗಾಂಶದಲ್ಲಿ ರೋಗವಿದ್ದಾಗ ಅದರ ಅಂಚನ್ನು ಪೂರ್ತಿ ಬಿಟ್ಟು ಕತ್ತರಿಸುವುದು ಸಾಧ್ಯವಾಗುವುದಿಲ್ಲ. ಹೇಗಾದರೂ ಮಾಡಿ ತೆಗೆದರೂ ಆಮೇಲೆ ವಿಕಿರಣ ಕೊಡಲೇಬೇಕಾಗುತ್ತದೆ. ಆಗ ಎರಡೂ ಚಿಕಿತ್ಸೆಗಳ ಕಷ್ಟ ಒಂದೇ ಮೈಮೇಲೆ ಬೀಳುತ್ತದೆ, ಗುಣವಾಗುವ ಸಂಭವ ಮಾತ್ರ ಹೆಚ್ಚುವುದಿಲ್ಲ.

ಚಿಕಿತ್ಸೆ ಹೀಗೆ ನಡೆಯುತ್ತದೆ. ಐದು ವಾರ, ವಾರಕ್ಕೆ ಐದು ದಿನ, ಹೊರಗಿನಿಂದ ವಿಕಿರಣ. ಅದರೊಂದಿಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಸಲೈನ್ ಮೂಲಕ ಕೊಡುತ್ತಾರೆ. ಐದು ಬೇರೆ ಬೇರೆ ಅಧ್ಯಯನಗಳು ಈ ಔಷಧ ಸೇರಿಸಿದರೆ ಹೆಚ್ಚು ಜನ ಬದುಕುತ್ತಾರೆ ಎಂದು ತೋರಿಸಿದ ಮೇಲೆ 1999ರಿಂದ ಜಗತ್ತಿನೆಲ್ಲೆಡೆ ಇದೇ ಪದ್ಧತಿ. ಕೊನೆಗೆ ಒಳಗಿನ ವಿಕಿರಣ: ಗರ್ಭಚೀಲದೊಳಗೆ ತೆಳುವಾದ ಕೊಳವೆಯಿಟ್ಟು, ಅದರ ಮೂಲಕ ವಿಕಿರಣದ ಮೂಲವನ್ನು ಗಡ್ಡೆಯ ನಡುವಿಗೇ ಕಳಿಸುತ್ತಾರೆ. ಕೆಲವು ನಿಮಿಷಗಳ ಈ ಚಿಕಿತ್ಸೆ ಮೂರು ನಾಲ್ಕು ಸಲ ಆಗುತ್ತದೆ. ಗಮನಿಸಿ, ಆ ಕೊಳವೆಗೆ ಆಸರೆ ಕೊಡುವುದು ಗರ್ಭಚೀಲವೇ. ನಿಮ್ಮ ಮಾವನವರು ಬೇರೆ ಕಡೆ ಹೋಗಿ ಅದನ್ನು ತೆಗೆಸಿಬಿಟ್ಟರೆ, ಈ ಚಿಕಿತ್ಸೆಯ ಅತ್ಯಂತ ಬಲವಾದ ಭಾಗವನ್ನೇ ತಾವಾಗಿ ಕಳೆದುಕೊಂಡಂತೆ.

ಹೊರಗಿನದ್ದು, ಒಳಗಿನದ್ದು ಎಲ್ಲ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ಅದಕ್ಕಿಂತ ಎಳೆದಷ್ಟೂ ಫಲ ಕಡಿಮೆಯಾಗುತ್ತದೆ. ಜಾತ್ರೆ, ಮದುವೆ, ಬಿತ್ತನೆ ಎಂದು ನಡುವೆ ಒಂದು ವಾರ ತಪ್ಪಿಸಿದವರು ಆಮೇಲೆ ಪಟ್ಟ ಪಾಡನ್ನು ಕಂಡಿದ್ದೇನೆ. ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ದಿನಾ ಬಂದು ಹೋಗಬಹುದು. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ, ಟಿಕೆಟಿನ ಹಣವಿಲ್ಲದೆ ಇಪ್ಪತ್ತೈದು ದಿನದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವ ಕಾರಣ ಒಂದಾದರೂ ಇಲ್ಲವಾಯಿತು ಎಂದು ನನಗೆ ಸಮಾಧಾನವಿದೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ಕಾರ್ಡನ್ನೂ ಆಧಾರನ್ನೂ ಮೊದಲ ದಿನವೇ ಜೊತೆಗೆ ಒಯ್ಯಿರಿ. ಭೇದಿ, ಉರಿಮೂತ್ರ, ಸುಸ್ತು ಬರುತ್ತವೆ. ಹಿಮೋಗ್ಲೋಬಿನ್ ಇಳಿದರೆ ರಕ್ತ ಏರಿಸಬೇಕಾಗುತ್ತದೆ. ಇವಕ್ಕೆ ಔಷಧವಿದೆ, ಇವಕ್ಕಾಗಿ ಚಿಕಿತ್ಸೆ ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ಚಿಕ್ಕಮ್ಮನಿಗೆ ಮೂರು ತಿಂಗಳಿಂದ ಹೊಟ್ಟೆ ಉಬ್ಬರ. ಎರಡು ತುತ್ತು ಉಂಡರೆ ಸಾಕಾಗುತ್ತಿತ್ತು. ಗ್ಯಾಸ್ ಎಂದು ಮಾತ್ರೆ ನುಂಗಿದರು. ಈಗ ಅಂಡಾಶಯದ ಕ್ಯಾನ್ಸರ್, ಮೂರನೇ ಹಂತ ಎನ್ನುತ್ತಾರೆ. ಮೊದಲು ಮೂರು ಕಿಮೋ, ಆಮೇಲೆ ದೊಡ್ಡ ಆಪರೇಶನ್ ಅಂತೆ. ಕತ್ತರಿ ತಾಗಿದರೆ ಹರಡುತ್ತದೆ ಎಂದು ಮನೆಯವರು ಹೆದರಿದ್ದಾರೆ. (ಧಾರವಾಡ)

ಉತ್ತರ: ಅಂಡಾಶಯದ ಕ್ಯಾನ್ಸರ್ ಹೊಟ್ಟೆಯೊಳಗಿನ ಪದರಗಳ ಮೇಲೆ ರವೆ ಚೆಲ್ಲಿದಂತೆ ಹರಡುತ್ತದೆ, ನೀರು ತುಂಬಿಸುತ್ತದೆ, ಮತ್ತು ಹೆಚ್ಚಿನವರಲ್ಲಿ ಮೂರನೇ ನಾಲ್ಕನೇ ಹಂತದಲ್ಲೇ ಪತ್ತೆಯಾಗುತ್ತದೆ. ತಡವಾಯಿತೆಂದು ನಿಮ್ಮನ್ನು ನೀವು ದೂರಿಕೊಳ್ಳಬೇಡಿ. ಗರ್ಭಕೊರಳಿಗೆ ಇರುವಂಥ ಮುನ್ತಪಾಸಣೆ ಇದಕ್ಕಿಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸ್ಕ್ಯಾನ್ ಇಲ್ಲವೇ ಸಿಎ 125 ಎಂಬ ರಕ್ತಪರೀಕ್ಷೆಯಿಂದ ವರ್ಷಗಟ್ಟಲೆ ತಪಾಸಣೆ ಮಾಡಿದರೂ ಸಾವು ಕಡಿಮೆಯಾಗಲಿಲ್ಲ ಎಂದು 2021ರಲ್ಲಿ ತಿಳಿದುಬಂತು.

ಇಲ್ಲಿ ಶಸ್ತ್ರಚಿಕಿತ್ಸೆಯ ಗುರಿ ಒಂದೇ: ಕಣ್ಣಿಗೆ ಕಾಣುವ ರೋಗ ಎಲ್ಲಿಯೂ ಉಳಿಯಬಾರದು. ಗರ್ಭಚೀಲ ಮತ್ತು ಅಂಡಾಶಯವಲ್ಲದೆ, ಕರುಳಿನ ಮುಂದೆ ಪರದೆಯಂತೆ ಜೋತಾಡುವ ಕೊಬ್ಬಿನ ಪದರ, ಹೊಟ್ಟೆಯ ಒಳಗೋಡೆಯ ಪೊರೆ, ಕೆಲವೊಮ್ಮೆ ಕರುಳಿನ ಒಂದು ತುಂಡು ಅಥವಾ ಗುಲ್ಮವನ್ನೂ ತೆಗೆಯಬೇಕಾಗುತ್ತದೆ. ಆರೆಂಟು ತಾಸು ಹಿಡಿಯುವುದು ಅಪರೂಪವಲ್ಲ. ಅಷ್ಟೆಲ್ಲ ಮಾಡಿಯೂ ರೋಗವನ್ನು ಉಳಿಸಿ ಬಂದರೆ ಪ್ರಯೋಜನ ಬಹಳ ಕಡಿಮೆ. ಆದ್ದರಿಂದಲೇ ರೋಗ ವ್ಯಾಪಕವಾಗಿರುವವರಿಗೆ ಮೊದಲು ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟಾಕ್ಸೆಲ್ ಎಂಬ ಕಿಮೋ ಔಷಧಗಳನ್ನು ಕೊಟ್ಟು ಕುಗ್ಗಿಸಿ, ನಡುವೆ ಶಸ್ತ್ರಚಿಕಿತ್ಸೆ ಮಾಡಿ, ಉಳಿದ ಮೂರು ಕಿಮೋ ಆಮೇಲೆ ಕೊಡುತ್ತೇವೆ.

ಕತ್ತರಿ ತಾಗಿದರೆ ಹರಡುತ್ತದೆ ಎಂಬ ಮಾತು ತಪ್ಪು. ಆದರೆ ಅದರ ಹಿಂದೆ ಜನ ಕಂಡ ಒಂದು ಅನುಭವ ಇರಬಹುದು ಎಂದು ನನಗೆ ಅನಿಸುತ್ತದೆ. ಅಂಡಾಶಯದ ಗಡ್ಡೆ ಇಡಿಯಾಗಿರುವಾಗ ಅದಕ್ಕೆ ಸೂಜಿ ಚುಚ್ಚಿ ನೀರು ತೆಗೆದರೆ, ಇಲ್ಲವೇ ತೆಗೆಯುವಾಗ ಒಡೆದುಹೋದರೆ, ಮೊದಲನೇ ಹಂತದಲ್ಲಿದ್ದ ರೋಗ ಅದೇ ಕ್ಷಣಕ್ಕೆ ಒಂದು ಮೆಟ್ಟಿಲು ಏರುತ್ತದೆ. ಸಂಶಯದ ಗಡ್ಡೆಯನ್ನು ಚುಚ್ಚದೆ, ಒಡೆಯದೆ ಇಡಿಯಾಗಿ ತೆಗೆಯಬೇಕು. ನಿಮ್ಮ ಚಿಕ್ಕಮ್ಮನವರಿಗೆ ಬಿಆರ್‌ಸಿಎ ಎಂಬ ವಂಶವಾಹಿಯ ಪರೀಕ್ಷೆಯನ್ನೂ ಕೇಳಿ. ಅದರಿಂದ ಅವರ ಮುಂದಿನ ಔಷಧವೂ, ಅವರ ಹೆಣ್ಣುಮಕ್ಕಳು ವಹಿಸಬೇಕಾದ ಎಚ್ಚರಿಕೆಯೂ ತಿಳಿಯುತ್ತದೆ.

ಪ್ರಶ್ನೆ: ಗರ್ಭಕೊರಳಿನ ಕ್ಯಾನ್ಸರಿಗೆ ಹೊಟ್ಟೆ ಕೊಯ್ಯದೆ, ತೂತು ಹಾಕಿ ಆಪರೇಶನ್ ಮಾಡಿಸಿಕೊಳ್ಳಬಹುದೇ? ಬೇಗ ಕೆಲಸಕ್ಕೆ ಹೋಗಬೇಕಿದೆ. (ರಾಣೆಬೆನ್ನೂರು)

ಉತ್ತರ: ಬೇಡ. ಮೊದಲು ನಾವೆಲ್ಲರೂ ಹಾಗೆಯೇ ಮಾಡಬಹುದೆಂದು ನಂಬಿದ್ದೆವು. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ನಾಲ್ಕೂವರೆ ವರ್ಷದ ನಂತರ ರೋಗ ಮರುಕಳಿಸದೆ ಉಳಿದವರು ಹೊಟ್ಟೆ ತೆರೆದು ಮಾಡಿದವರಲ್ಲಿ ನೂರಕ್ಕೆ 96.5, ತೂತಿನ ಮೂಲಕ ಮಾಡಿದವರಲ್ಲಿ 86. ಅಂದಿನಿಂದ ಈ ಕ್ಯಾನ್ಸರಿನ ವಿಸ್ತೃತ ಶಸ್ತ್ರಚಿಕಿತ್ಸೆಯನ್ನು ಹೊಟ್ಟೆ ತೆರೆದೇ ಮಾಡಬೇಕೆಂಬುದು ನಿಯಮ. ಗರ್ಭಚೀಲದ ಒಳಪದರದ ಕ್ಯಾನ್ಸರಿನ ಮಾತು ಬೇರೆ. ಅಲ್ಲಿ ತೂತಿನ ವಿಧಾನವೇ ಒಳ್ಳೆಯದು.

ಪ್ರಶ್ನೆ: ಎಂಟನೇ ತರಗತಿಯ ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಬೇಕೇ? (ಶಿಕ್ಷಕಿ, ಶಿರಹಟ್ಟಿ)

ಉತ್ತರ: ಹಾಕಿಸಿ. ಗರ್ಭಕೊರಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ 16 ಮತ್ತು 18 ಎಂಬ ಎರಡು ಬಗೆಯ ವೈರಾಣುಗಳೇ ಕಾರಣ. ಲಸಿಕೆ ಇವೆರಡನ್ನೂ ತಡೆಯುತ್ತದೆ. ವೈರಾಣು ಮೈಗೆ ಬರುವ ಮೊದಲೇ, ಅಂದರೆ 9ರಿಂದ 14ರ ವಯಸ್ಸಿನಲ್ಲಿ ಹಾಕಿಸಿದರೆ ಫಲ ಹೆಚ್ಚು. ನಮ್ಮ ದೇಶದಲ್ಲೇ ತಯಾರಾದ ಲಸಿಕೆ 2023ರಿಂದ ಸಿಗುತ್ತಿದೆ. ಲಸಿಕೆ ಹಾಕಿಸಿದ ಮಗಳೂ ಮೂವತ್ತರ ನಂತರ ತಪಾಸಣೆ ಮಾಡಿಸಿಕೊಳ್ಳಬೇಕು. ಅದಕ್ಕಿಂತ ಮೊದಲು, ನೀವು ಮಾಡಿಸಿಕೊಂಡಿದ್ದೀರಾ?

ಪ್ರಶ್ನೆ: ನನ್ನ ಹೆಂಡತಿಗೆ ಮೂರು ತಿಂಗಳ ಹಿಂದೆ ಗರ್ಭಕೊರಳಿನ ಕ್ಯಾನ್ಸರಿಗೆ ದೊಡ್ಡ ಶಸ್ತ್ರಚಿಕಿತ್ಸೆ ಆಯಿತು. ರೋಗ ಪೂರ್ತಿ ಹೋಗಿದೆ ಎಂದಿದ್ದಾರೆ. ಆದರೆ ನಮ್ಮ ಅವ್ವ ಅವಳ ತಟ್ಟೆ, ಲೋಟ, ಹಾಸಿಗೆಯನ್ನು ಬೇರೆ ಇಟ್ಟಿದ್ದಾರೆ. ಇದು ವೈರಾಣುವಿನಿಂದ ಬರುತ್ತದೆ ಎಂದು ಕೇಳಿ ನನಗೂ ಮನಸ್ಸಿನಲ್ಲಿ ಏನೇನೋ ಬರುತ್ತಿದೆ. ಕೇಳಲು ಸಂಕೋಚ. (ಕಲಘಟಗಿ ತಾಲ್ಲೂಕು)

ಉತ್ತರ: ಸಂಕೋಚವಾದರೂ ಕೇಳಿದಿರಿ, ನಿಮ್ಮ ಪತ್ರ ಬಂದದ್ದು ಒಳ್ಳೆಯದಾಯಿತು.

ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ತಟ್ಟೆಯಿಂದಾಗಲಿ, ಹಾಸಿಗೆಯಿಂದಾಗಲಿ, ಕೂಡಿ ಬಾಳುವುದರಿಂದಾಗಲಿ ಬರುವುದಿಲ್ಲ. ನಿಮ್ಮ ಮನಸ್ಸಿನಲ್ಲಿ ಬರುತ್ತಿರುವುದಕ್ಕೂ ನೇರವಾಗಿಯೇ ಉತ್ತರಿಸುತ್ತೇನೆ. ಎಚ್‌ಪಿವಿ ವೈರಾಣು ದೈಹಿಕ ಸಂಪರ್ಕದಿಂದ ಬರುತ್ತದೆ, ಆದರೆ ಅದು ಎಷ್ಟು ಸಾಮಾನ್ಯವೆಂದರೆ ಸಂಸಾರ ಮಾಡುವ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಯಾವಾಗಲೋ ಒಮ್ಮೆ ಬಂದು, ಬಹುಮಂದಿಯಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಹತ್ತು ಹದಿನೈದು ವರ್ಷದ ನಂತರ ಕ್ಯಾನ್ಸರಾಗುತ್ತದೆ. ಯಾರಿಂದ ಯಾವಾಗ ಬಂತು ಎಂಬುದನ್ನು ಯಾವ ಪರೀಕ್ಷೆಯೂ ಹೇಳಲಾರದು. ಒಬ್ಬನೇ ಗಂಡನೊಂದಿಗೆ ಬಾಳಿದ ಹೆಂಗಸಿಗೂ ಬರುತ್ತದೆ, ಗಂಡನಿಂದಲೇ ಬಂದಿರಲೂಬಹುದು. ಇದನ್ನು ಹಿಡಿದು ಅವರ ನಡತೆಯನ್ನು ಅಳೆಯುವುದು ಅನ್ಯಾಯ.

ಈ ಶಸ್ತ್ರಚಿಕಿತ್ಸೆಯಲ್ಲಿ ಮೂತ್ರಕೋಶದ ನರಗಳಿಗೆ ಸ್ವಲ್ಪ ಪೆಟ್ಟಾಗುತ್ತದೆ. ಮೂತ್ರ ಬಂದಿದೆ ಎಂಬ ಅರಿವು ಕೆಲವು ತಿಂಗಳು ಮಂದವಾಗಿರಬಹುದು. ಮೂರು ತಾಸಿಗೊಮ್ಮೆ ಗಡಿಯಾರ ನೋಡಿ ಹೋಗಿಬರಲು ನೆನಪಿಸಿ. ದುಗ್ಧಗ್ರಂಥಿ ತೆಗೆದಿರುವುದರಿಂದ ಕಾಲು ಬಾತುಕೊಳ್ಳುವ ಸಂಭವ ಮುಂದೆಯೂ ಇರುತ್ತದೆ. ಹೊಲಕ್ಕೆ ಬರಿಗಾಲಿನಲ್ಲಿ ಹೋಗಬಾರದು, ಮುಳ್ಳು ಚುಚ್ಚಿ ಕೀವಾದರೆ ಆ ಕಾಲಿಗೆ ಬಲು ಕಷ್ಟ. ಒಳಗಿನ ಹೊಲಿಗೆ ಮಾಗಿದೆ ಎಂದು ವೈದ್ಯರು ನೋಡಿ ಹೇಳಿದ ಮೇಲೆ ದಾಂಪತ್ಯ ಸಂಬಂಧಕ್ಕೆ ಅಡ್ಡಿಯಿಲ್ಲ. ಯೋನಿ ಸ್ವಲ್ಪ ಗಿಡ್ಡವಾಗಿರುವುದರಿಂದ ಮೊದಮೊದಲು ನೋವಾಗಬಹುದು. ಅವರು ಬೇಡವೆಂದ ದಿನ ಬೇಡ.

ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ. ಈ ಸಲ ಬರುವಾಗ ನಿಮ್ಮ ಅವ್ವನವರನ್ನೂ ಕರೆದುಕೊಂಡು ಬನ್ನಿ. ನಿಮ್ಮ ವೈದ್ಯರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರೆ ಒಪ್ಪುತ್ತಾರೆ. ನಾನು ಎಷ್ಟೋ ಅತ್ತೆಯರಿಗೆ ಹೀಗೆ ಹೇಳಿದ್ದೇನೆ, ಬಹಳಷ್ಟು ಜನ ಸೊಸೆಯ ಕೈಹಿಡಿದುಕೊಂಡೇ ಎದ್ದುಹೋಗಿದ್ದಾರೆ. ಆದರೆ ತಟ್ಟೆಯನ್ನೂ ಹಾಸಿಗೆಯನ್ನೂ ಒಳಗೆ ತರಲು ಆ ದಿನದವರೆಗೆ ಕಾಯಬೇಡಿ, ಇವತ್ತೇ ನೀವೇ ತಂದಿಡಿ.